ಹೊಗೆಯಿಲ್ಲದ ಬಂಡಿಯ ಹಳೆಯ ಕಥೆ

ವಿದ್ಯಾರ್ಥಿ ಮಿತ್ರರೇ, ಬ್ಯಾಟರಿಯಿಂದ ಓಡುವ ರೈಲು, ಜಲಜನಕದಿಂದ ಓಡುವ ರೈಲು ಎಂದರೆ ನಾಳಿನ ಮಾತು ಎಂದು ನಿಮಗೆ ಅನ್ನಿಸಬಹುದು. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಆದರೆ ಬೊಂಬಾಯಿಯಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು 1853ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲೇ, 1842ರಲ್ಲಿ, ಸ್ಕಾಟ್ಲೆಂಡಿನ ಹಳಿಗಳ ಮೇಲೆ ಬ್ಯಾಟರಿಯ ಎಂಜಿನ್ನೊಂದು ಓಡಿತ್ತು. ಜಲಜನಕದಿಂದ ವಿದ್ಯುತ್ತು ತೆಗೆಯುವ ಸಾಧನದ ವರ್ಣನೆ ಅಚ್ಚಾದದ್ದೂ ಅದೇ ವರ್ಷ. ಹಾಗಾದರೆ ಇವೆರಡೂ ಇಷ್ಟು ದೀರ್ಘಕಾಲ ಮೂಲೆ ಸೇರಿದ್ದೇಕೆ? ಈಗ ಮತ್ತೆ ಎದ್ದು ಬಂದಿರುವುದೇಕೆ? ಕಾರ್ಯಕ್ರಮದಲ್ಲಿ ಚಿತ್ರಗಳು ಬೇಗ ಬೇಗ ಸಾಗಿಬಿಡುತ್ತವೆ. ಇಲ್ಲಿ ಸ್ವಲ್ಪ ನಿಧಾನವಾಗಿ, ಲೆಕ್ಕದ ಸಮೇತ ನೋಡೋಣ. ಪಕ್ಕದಲ್ಲಿ ಒಂದು ಪೆನ್ಸಿಲು ಇಟ್ಟುಕೊಳ್ಳಿ.

ಗ್ಯಾಲ್ವನಿಯ ಆರು ಕಿಲೋಮೀಟರು

ಅಬರ್ಡೀನ್ ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಊರು. ಅಲ್ಲಿನ ರಾಬರ್ಟ್ ಡೇವಿಡ್‌ಸನ್ ರಸಾಯನವಿದ್ಯೆ ಬಲ್ಲವನು, ಕೈಕೆಲಸವನ್ನೂ ಬಲ್ಲವನು. 1837ರ ಸುಮಾರಿಗೆ ಆತ ಸಣ್ಣದೊಂದು ವಿದ್ಯುತ್ ಎಂಜಿನ್ನಿನ ಮಾದರಿ ಮಾಡಿದ. ಉಪಾಯ ಸರಳವಾದುದು. ಮರದ ಉರುಳೆಯ ಮೇಲೆ ಕಬ್ಬಿಣದ ಪಟ್ಟಿಗಳನ್ನು ಕೂರಿಸಿ, ಉರುಳೆಯನ್ನು ಚಕ್ರದ ಅಚ್ಚಿಗೆ ಜೋಡಿಸಿದ್ದ. ಎರಡು ಪಕ್ಕದಲ್ಲಿ ವಿದ್ಯುತ್ಕಾಂತಗಳು. ವಿದ್ಯುತ್ತು ಹರಿದಾಗ ಕಾಂತವು ಪಟ್ಟಿಯನ್ನು ತನ್ನತ್ತ ಎಳೆಯುತ್ತದೆ. ಪಟ್ಟಿ ಹತ್ತಿರ ಬಂದೊಡನೆ ವಿದ್ಯುತ್ತು ಕಡಿದುಹೋಗುತ್ತದೆ. ಮುಂದಿನ ಪಟ್ಟಿಯ ಸರದಿ ಬರುತ್ತದೆ. ಹೀಗೆ ಎಳೆದೆಳೆದು ಅಚ್ಚು ತಿರುಗುತ್ತದೆ. ಕಾಂತಗಳಿಗೆ ವಿದ್ಯುತ್ತು ಒದಗಿಸಲು ಗಂಧಕಾಮ್ಲದಲ್ಲಿ ಅದ್ದಿದ ಸತುವಿನ ಮತ್ತು ಕಬ್ಬಿಣದ ಫಲಕಗಳಿದ್ದವು.

ಇದೇ ಕ್ರಮದಲ್ಲಿ ದೊಡ್ಡ ಬಂಡಿಯೊಂದನ್ನು ಕಟ್ಟಿ, ಇಟಲಿಯ ವಿಜ್ಞಾನಿಯ ನೆನಪಿಗೆ ಅದಕ್ಕೆ ಗ್ಯಾಲ್ವನಿ ಎಂದು ಹೆಸರಿಟ್ಟ. 1842ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋ–ಗ್ಲಾಸ್ಗೋ ಮಾರ್ಗದಲ್ಲಿ ಅದರ ಪರೀಕ್ಷೆಯಾಯಿತು. ಹಲವು ಟನ್ ತೂಕದ ಆ ಬಂಡಿ ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಚಲಿಸಿತು. ನೀವು ಚುರುಕಾಗಿ ನಡೆಯುವವರಾದರೆ ಅದರ ಪಕ್ಕದಲ್ಲೇ ಮಾತಾಡುತ್ತ ಹೋಗಬಹುದಿತ್ತು. ಉಗಿಯ ಎಂಜಿನ್ನನ್ನು ನಂಬಿ ಹೊಟ್ಟೆ ಹೊರೆಯುತ್ತಿದ್ದ ರೈಲ್ವೆ ಕೆಲಸಗಾರರು ಇದನ್ನು ಕಂಡು ಹೆದರಿ ಒಡೆದು ಹಾಕಿದರು ಎಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಅನ್ನದ ಪ್ರಶ್ನೆ ಬಂದಾಗ ಆರು ಕಿಲೋಮೀಟರಿನ ವೇಗಕ್ಕೂ ಜನ ಹೆದರುತ್ತಾರೆ ಎಂದರೆ ಆಶ್ಚರ್ಯವೇನಿಲ್ಲ.

ಆದರೆ ಅವರು ಅಷ್ಟು ಹೆದರಬೇಕಾಗಿರಲಿಲ್ಲ. ಗ್ಯಾಲ್ವನಿಯನ್ನು ಸೋಲಿಸುವ ಲೆಕ್ಕ ಅದಾಗಲೇ ಮ್ಯಾಂಚೆಸ್ಟರಿನಲ್ಲಿ ಸಿದ್ಧವಾಗಿತ್ತು. ಶಕ್ತಿಯ ಮಾನಕ್ಕೆ ಹೆಸರು ಕೊಟ್ಟ ಜೇಮ್ಸ್ ಜೌಲ್ ನಿಮಗೆ ಪಠ್ಯಪುಸ್ತಕದಿಂದ ಗೊತ್ತು. ಆತನದು ಬಿಯರ್ ತಯಾರಿಸುವವರ ಮನೆ. ಉಗಿ ಯಂತ್ರದ ಜಾಗದಲ್ಲಿ ವಿದ್ಯುತ್ ಯಂತ್ರ ಬಂದೀತೇ ಎಂದು ಆತ ಬಹಳ ಉತ್ಸಾಹದಿಂದಲೇ ಹುಡುಕಲು ಹೊರಟಿದ್ದ. 1841ರಲ್ಲಿ ಆತ ಮುಂದಿಟ್ಟ ಅಂಕಿಗಳು ಹೀಗಿವೆ: ಬ್ಯಾಟರಿಯಲ್ಲಿ ಒಂದು ಪೌಂಡ್ ಸತು ಕರಗಿದರೆ 3,31,400 ಪೌಂಡ್ ಭಾರವನ್ನು ಒಂದು ಅಡಿ ಎತ್ತಬಹುದು, ಕಾರ್ನ್‌ವಾಲಿನ ಒಳ್ಳೆಯ ಉಗಿ ಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲು ಉರಿದರೆ 15 ಲಕ್ಷ ಪೌಂಡ್ ಭಾರವನ್ನು ಒಂದು ಅಡಿ ಎತ್ತಬಹುದು. ಭಾಗಿಸಿ ನೋಡಿ, ಕಲ್ಲಿದ್ದಲು ನಾಲ್ಕೂವರೆ ಪಟ್ಟು ಮುಂದೆ. ಸಾಲದ್ದಕ್ಕೆ ಸತುವಿನ ಬೆಲೆ ಕಲ್ಲಿದ್ದಲಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಸತುವನ್ನು ಅದಿರಿನಿಂದ ತೆಗೆಯಲು ಕಲ್ಲಿದ್ದಲೇ ಬೇಕು ಎಂಬುದನ್ನೂ ಸೇರಿಸಿಕೊಳ್ಳಿ. ಈ ಲೆಕ್ಕ ಜೌಲನ ಉತ್ಸಾಹಕ್ಕೆ ತಣ್ಣೀರೆರಚಿತು. ಬಂಡಿ ಹೊಗೆ ಉಗುಳದಿದ್ದರೂ, ಅದರ ಪಾಲಿನ ಹೊಗೆಯನ್ನು ಬೇರೆಲ್ಲೋ ಒಂದು ಕುಲುಮೆ ಉಗುಳಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಜಲಜನಕದ ಬಳಿ ಇದು ಮತ್ತೆ ಬರುತ್ತದೆ.

ಡೇವಿಡ್‌ಸನ್ ದೀರ್ಘಾಯುಷಿ. 1890ರಲ್ಲಿ ಲಂಡನ್ನಿನ ನೆಲದಡಿಯಲ್ಲಿ ವಿದ್ಯುತ್ ರೈಲು ಓಡತೊಡಗಿದಾಗಲೂ ಬದುಕಿದ್ದ, ತೀರಿಕೊಂಡದ್ದು 1894ರಲ್ಲಿ. ಆ ರೈಲಿಗೆ ವಿದ್ಯುತ್ತು ಬಂದದ್ದು ಹಳಿಯ ಜೊತೆಗೆ ಹಾಕಿದ್ದ ಪಟ್ಟಿಯಿಂದ. ಶಕ್ತಿಯನ್ನು ಬಂಡಿಯಲ್ಲೇ ಹೊತ್ತೊಯ್ಯುವ ಕಷ್ಟ ಅದಕ್ಕೆ ಇರಲಿಲ್ಲ.

ಒಬ್ಬ ವಕೀಲ, ಎರಡು ಕೋಶ

ಇನ್ನು ವಿಲಿಯಂ ಗ್ರೋವ್‌ನ ಕಡೆಗೆ ಬರೋಣ. ಈತ ವೇಲ್ಸ್ ಪ್ರಾಂತದ ಸ್ವಾನ್ಸಿ ಊರಿನವನು. ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶನೂ ಆದ. ವಿಜ್ಞಾನ ಅವನ ಪ್ರೀತಿಯ ಹವ್ಯಾಸ. ನಮ್ಮ ಕಥೆಯ ಎರಡು ಎಳೆಗಳೂ ಈ ಒಬ್ಬನ ಕೈಯಲ್ಲೇ ಕೂಡಿಕೊಂಡಿದ್ದವು.

1839ರಲ್ಲಿ ಆತ ಸತು, ಪ್ಲಾಟಿನಂ, ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲಗಳಿಂದ ಬಲವಾದ ವಿದ್ಯುತ್ ಕೋಶವೊಂದನ್ನು ರೂಪಿಸಿದ. ಜೌಲ್ ಲೆಕ್ಕ ಹಾಕಿದ್ದು ಈ ಕೋಶವನ್ನೇ ಹಿಡಿದು. ಅಮೆರಿಕದ ಚಾರ್ಲ್ಸ್ ಪೇಜ್ ತನ್ನ ರೈಲು ಎಂಜಿನ್ನಿಗೆ ಇದನ್ನೇ ಆರಿಸಿಕೊಂಡ. ಆ ದೇಶದ ಸಂಸತ್ತು ಪೇಜನಿಗೆ 20,000 ಡಾಲರ್ ಕೊಟ್ಟಿತ್ತು. 1851ರ ಏಪ್ರಿಲ್ 29ರಂದು ವಾಷಿಂಗ್ಟನ್ನಿನಿಂದ ಬ್ಲೇಡನ್ಸ್‌ಬರ್ಗಿನ ಕಡೆಗೆ ಬಂಡಿ ಹೊರಟಿತು. ಒಮ್ಮೆ ಗಂಟೆಗೆ 30 ಕಿಲೋಮೀಟರ್ ವೇಗವನ್ನೂ ಮುಟ್ಟಿತು. ಆದರೆ ಕೋಶಗಳೊಳಗೆ ಎರಡು ಆಮ್ಲಗಳನ್ನು ಬೇರೆಯಾಗಿಡಲು ಜೇಡಿಮಣ್ಣಿನ ತೆಳುವಾದ ಗೋಡೆಗಳಿದ್ದವು. ಹಳಿಯ ಕುಲುಕಾಟಕ್ಕೆ ಅವು ಒಂದೊಂದಾಗಿ ಬಿರುಕುಬಿಟ್ಟವು. ಆಮ್ಲಗಳು ಬೆರೆತವು, ಶಕ್ತಿ ಕುಂದಿತು, ಕಿಡಿಗಳು ಹಾರಿದವು. ಪೇಜನಿಗೆ ಮತ್ತೆ ಹಣ ಸಿಗಲಿಲ್ಲ.

ಗ್ರೋವ್‌ನ ಎರಡನೆಯ ಕೋಶ ಇನ್ನೂ ವಿಚಿತ್ರವಾದುದು. ನೀರಿಗೆ ವಿದ್ಯುತ್ತು ಹಾಯಿಸಿದರೆ ಅದು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆ ಎಂಬುದು ನಿಮ್ಮ ಪ್ರಯೋಗಶಾಲೆಯಲ್ಲೂ ತೋರಿಸುವ ವಿಷಯ. ಇದನ್ನು ತಿರುಗಾಮುರುಗಾ ಮಾಡಿದರೆ ಹೇಗೆ ಎಂದು ಗ್ರೋವ್ ಕೇಳಿಕೊಂಡ. ಪ್ಲಾಟಿನಂ ಪಟ್ಟಿಗಳಿದ್ದ ಎರಡು ಗಾಜಿನ ನಳಿಗೆಗಳಲ್ಲಿ ಈ ಎರಡು ಅನಿಲಗಳನ್ನು ತುಂಬಿ, ಕೆಳತುದಿಯನ್ನು ದುರ್ಬಲ ಆಮ್ಲದಲ್ಲಿ ಮುಳುಗಿಸಿದ. ಅನಿಲಗಳು ಕರಗುತ್ತ ಬಂದವು, ನೀರಾಯಿತು, ತಂತಿಯಲ್ಲಿ ವಿದ್ಯುತ್ತು ಹರಿಯಿತು! ಅನಿಲ ಬ್ಯಾಟರಿ ಎಂದು ಆತ ಕರೆದ ಈ ಸಾಧನದ ವಿವರ 1842ರ ಡಿಸೆಂಬರಿನಲ್ಲಿ ಅಚ್ಚಾಯಿತು. ನಾವಿಂದು ಇಂಧನಕೋಶ ಎಂದು ಕರೆಯುವುದು ಇದರ ಮೊಮ್ಮಗನನ್ನು. ಆದರೆ ಸಿಕ್ಕ ವಿದ್ಯುತ್ತು ಬಹಳ ಅಲ್ಪವಾಗಿದ್ದುದರಿಂದ ನೂರು ವರ್ಷ ಅದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. 1959ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 5 ಕಿಲೋವ್ಯಾಟ್ ಕೊಡುವ ಕೋಶವನ್ನು ತೋರಿಸಿದ. ಅವನ ದಾರಿಯಲ್ಲೇ ಬೆಳೆದ ಕೋಶಗಳು ಅಪೋಲೋ ನೌಕೆಗಳಲ್ಲಿ ಚಂದ್ರನತ್ತ ಹೋದವು. ಗಗನಯಾತ್ರಿಗಳು ಕುಡಿದದ್ದು ಆ ಕೋಶಗಳಿಂದ ಹೊರಬಂದ ನೀರನ್ನೇ.

ಕಲ್ಲಿದ್ದಲಿಲ್ಲದ ದೇಶದ ಸಾಹಸ

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ಬ್ಯಾಟರಿಯನ್ನು ಕಂಡುಹಿಡಿದ. ಇದರಲ್ಲಿ ಸತು ಕರಗಿ ಮುಗಿದುಹೋಗುವ ಪಾಡಿಲ್ಲ. ಬರಿದಾದರೆ ಮತ್ತೆ ತುಂಬಬಹುದು. ಈಗ ಮಾತು ಬೇರೆಯಾಯಿತು. ಪ್ರಷ್ಯಾದ ರೈಲ್ವೆಯವರು 1907ರ ಸುಮಾರಿನಿಂದ ಶಾಖಾ ಮಾರ್ಗಗಳಲ್ಲಿ ಬ್ಯಾಟರಿ ಬಂಡಿಗಳನ್ನು ಓಡಿಸಿದರು. ಅವು ಹಲವು ದಶಕ ದುಡಿದವು. ಬ್ಯಾಟರಿ ರೈಲೆಂದರೆ ಪ್ರಯೋಗಶಾಲೆಯ ಆಟಿಕೆ ಎಂದು ಯಾರಾದರೂ ಅಂದರೆ ಜರ್ಮನಿಯ ಹೆಸರನ್ನು ಹೇಳಿ.

ಇನ್ನೂ ಸ್ವಾರಸ್ಯವಾದದ್ದು ಐರ್ಲೆಂಡಿನ ಕಥೆ. 1922ರಲ್ಲಿ ಹೊಸದಾಗಿ ಸ್ವತಂತ್ರವಾದ ಆ ದೇಶದಲ್ಲಿ ಕಲ್ಲಿದ್ದಲು ಬಹಳ ಕಡಿಮೆ. ಇಂಗ್ಲೆಂಡಿನಿಂದ ತರಿಸಬೇಕು. ಸ್ವಾತಂತ್ರ್ಯ ಬಂದರೂ ರೈಲಿನ ಜುಟ್ಟು ಹಳೆಯ ಒಡೆಯನ ಕೈಯಲ್ಲೇ ಇದ್ದಂತೆ! ಹೊಸ ಸರ್ಕಾರ ಶಾನನ್ ನದಿಗೆ ಆರ್ಡ್‌ನಕ್ರಶಾ ಎಂಬಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿತು. 1929ರಲ್ಲಿ ವಿದ್ಯುತ್ತು ಬಂದಿತು. ಇಷ್ಟು ವಿದ್ಯುತ್ತನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಡಬ್ಲಿನ್ನಿನ ಜೇಮ್ಸ್ ಡ್ರಮ್ ಎಂಬ ರಸಾಯನಶಾಸ್ತ್ರಜ್ಞ ಒಂದು ಉತ್ತರ ತಂದ. ಆತ ರೂಪಿಸಿದ್ದು ನಿಕ್ಕಲ್ ಮತ್ತು ಸತುವಿನ ಬ್ಯಾಟರಿ. ಸೀಸದ ಬ್ಯಾಟರಿಗಿಂತ ಬೇಗ ತುಂಬಿಕೊಳ್ಳುವುದು ಅದರ ಹೆಚ್ಚುಗಾರಿಕೆ. ಬಂಡಿ ನಿಲ್ಲಿಸುವಾಗ ಮೋಟಾರನ್ನೇ ಜನರೇಟರಿನಂತೆ ತಿರುಗಿಸಿ, ಹುಟ್ಟಿದ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವ ಏರ್ಪಾಡೂ ಇತ್ತು. ಇಂದಿನ ವಿದ್ಯುತ್ ವಾಹನಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವ ಸಂಗತಿ ಇದು.

1932ರಿಂದ ಡಬ್ಲಿನ್ ಮತ್ತು ಬ್ರೇ ಊರಿನ ನಡುವೆ, ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿಯಲ್ಲಿ, ಡ್ರಮ್ ಬಂಡಿಗಳು ಓಡಿದವು. ಒಟ್ಟು ನಾಲ್ಕು ಬಂಡಿಗಳು ತಯಾರಾದವು. ಎರಡನೆಯ ಮಹಾಯುದ್ಧ ಬಂದಿತು. ಇಂಗ್ಲೆಂಡಿನಿಂದ ಕಲ್ಲಿದ್ದಲಿನ ಬರವು ಕುಗ್ಗಿ, ಐರ್ಲೆಂಡಿನ ಉಗಿಬಂಡಿಗಳು ಸೊರಗಿದವು. ಡ್ರಮ್‌ನ ಬಂಡಿಗಳು ಮಾತ್ರ ನದಿಯ ನೀರಿನ ಬಲದಿಂದ ಓಡುತ್ತಲೇ ಇದ್ದವು. ಜೌಲನ ಲೆಕ್ಕವನ್ನು ಇಲ್ಲಿ ನೆನೆಯಿರಿ. ಅದರಲ್ಲಿ ತಪ್ಪಿರಲಿಲ್ಲ, ಆದರೆ ಆತ ಸತುವನ್ನು ಕಲ್ಲಿದ್ದಲಿನ ಜೊತೆ ತೂಗಿದ್ದ. ಡಬ್ಲಿನ್ನಿನಲ್ಲಿ ತಕ್ಕಡಿಯ ಒಂದು ಕಡೆ ಬಾರದ ಕಲ್ಲಿದ್ದಲು, ಇನ್ನೊಂದು ಕಡೆ ಹರಿಯುವ ನದಿ ಇದ್ದವು.

ಹಾಗಿದ್ದರೂ 1949ರಲ್ಲಿ ಬಂಡಿಗಳು ನಿಂತವು. ಬ್ಯಾಟರಿಗಳು ಸವೆದಿದ್ದವು, ಹೊಸವನ್ನು ಕೊಳ್ಳಲಿಲ್ಲ. ಡೀಸೆಲ್ ಯುಗ ಬಾಗಿಲಲ್ಲಿ ನಿಂತಿತ್ತು. ಡೀಸೆಲ್ ಎಣ್ಣೆಯ ಸೆಳೆತ ಎಂಥದೆಂದು ತಿಳಿಯಲು ಒಂದು ಅಂಕಿ ಸಾಕು: ಒಂದು ಕಿಲೋ ಎಣ್ಣೆಯಲ್ಲಿ ಸುಮಾರು 12 ಯೂನಿಟ್ ಶಕ್ತಿ ಅಡಗಿದೆ. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಒಂದು ಯೂನಿಟ್ಟಿನ ಮೂವತ್ತನೆಯ ಒಂದು ಭಾಗದಷ್ಟು. ಎಂಜಿನ್ನಿನಲ್ಲಿ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಶಕ್ತಿ ಶಾಖವಾಗಿ ಹಾಳಾದರೂ ಈ ಅಂತರ ಮುಚ್ಚುವುದಿಲ್ಲ.

ಡೀಸೆಲ್ ಯುಗದ ನಡುವೆಯೂ ಎರಡು ಕಡೆ ದೀಪ ಆರಲಿಲ್ಲ. 1958ರಲ್ಲಿ ಬ್ರಿಟಿಷ್ ರೈಲ್ವೆ ಎರಡು ಡಬ್ಬಿಗಳ ಬ್ಯಾಟರಿ ಬಂಡಿಯೊಂದನ್ನು ಓಡಿಸಿತು. ಎಲ್ಲಿ ಗೊತ್ತೇ? ಡೇವಿಡ್‌ಸನ್ನನ ಊರಾದ ಅಬರ್ಡೀನಿನಿಂದ ಬ್ಯಾಲಟರಿಗೆ! ವಿದ್ಯುತ್ತು ಸ್ಕಾಟ್ಲೆಂಡಿನ ಜಲವಿದ್ಯುತ್ ಮಂಡಳಿಯದು. 1966ರಲ್ಲಿ ಆ ಮಾರ್ಗವೇ ಮುಚ್ಚಿಹೋಯಿತು. ಪಶ್ಚಿಮ ಜರ್ಮನಿಯಲ್ಲಿ 1953ರಿಂದ 1965ರವರೆಗೆ ಇನ್ನೂರಕ್ಕೂ ಹೆಚ್ಚು ಬ್ಯಾಟರಿ ಬಂಡಿಗಳು ತಯಾರಾದವು. ಪ್ರತಿಯೊಂದರ ಹೊಟ್ಟೆಯಲ್ಲೂ ಟನ್‌ಗಟ್ಟಲೆ ಸೀಸದ ಬ್ಯಾಟರಿ. ಜನ ಅದನ್ನು ಪ್ಲಗ್ಗಿನ ಇಂಟರ್‌ಸಿಟಿ ಎಂದು ತಮಾಷೆ ಮಾಡುತ್ತಿದ್ದರು. ಆದರೆ ಅದು ಸದ್ದಿಲ್ಲದೆ 1995ರವರೆಗೆ ಓಡಿತು.

ಜಲಜನಕ ಹಳಿಗೆ ಬಂದದ್ದು

ಜಲಜನಕದ ಬಂಡಿಯೂ ವಿದ್ಯುತ್ ಬಂಡಿಯೇ. ಚಾವಣಿಯ ಮೇಲಿನ ಸಿಲಿಂಡರುಗಳಿಂದ ಜಲಜನಕ ಇಂಧನಕೋಶಕ್ಕೆ ಬರುತ್ತದೆ. ಅಲ್ಲಿ ಅದರ ಪರಮಾಣುಗಳು ಪ್ರೋಟಾನು ಮತ್ತು ಎಲೆಕ್ಟ್ರಾನುಗಳಾಗಿ ಬೇರೆಯಾಗುತ್ತವೆ. ನಡುವಿನ ತೆಳು ಪೊರೆ ಪ್ರೋಟಾನುಗಳನ್ನು ಮಾತ್ರ ಬಿಡುತ್ತದೆ. ಎಲೆಕ್ಟ್ರಾನುಗಳು ತಂತಿಯ ಮೂಲಕ ಸುತ್ತಿ ಹೋಗಬೇಕು. ಹೋಗುವ ದಾರಿಯಲ್ಲಿ ಮೋಟಾರನ್ನು ತಿರುಗಿಸುತ್ತವೆ. ಆಚೆ ಬದಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಎಲ್ಲವೂ ಕೂಡಿ ನೀರಾಗುತ್ತದೆ. ಕೋಶವು ಥಟ್ಟನೆ ಹೆಚ್ಚು ಶಕ್ತಿ ಕೊಡಲಾರದು, ಬ್ರೇಕಿನಿಂದ ಬಂದ ಶಕ್ತಿಯನ್ನು ತುಂಬಿಕೊಳ್ಳಲಾರದು. ಆದ್ದರಿಂದ ಪಕ್ಕದಲ್ಲಿ ಒಂದು ಲಿಥಿಯಂ ಬ್ಯಾಟರಿಯೂ ಇರುತ್ತದೆ. ಎರಡನ್ನೂ ಬದ್ಧವೈರಿಗಳೆಂದು ಬರೆಯುವವರು ಇದನ್ನು ಮರೆಯುತ್ತಾರೆ.

2002ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಗಣಿಗೆಂದು ಮಾಡಿದ ಚಿಕ್ಕ ಎಂಜಿನ್ನು, 2006ರಲ್ಲಿ ಜಪಾನಿನ ಪರೀಕ್ಷಾ ಬಂಡಿ, ಹೀಗೆ ಕೆಲವು ಪ್ರಯೋಗಗಳಾದವು. 2018ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಲೋಯರ್ ಸ್ಯಾಕ್ಸನಿ ರಾಜ್ಯದಲ್ಲಿ ಆಲ್‌ಸ್ಟಾಮ್ ಕಂಪನಿಯ ಎರಡು ಬಂಡಿಗಳು ನಿತ್ಯದ ಪ್ರಯಾಣಿಕರನ್ನು ಹೊತ್ತು ಹೊರಟವು. ಕುಕ್ಸ್‌ಹಾಫನ್, ಬ್ರೆಮರ್‌ಫರ್ಡೆ, ಬುಕ್ಸ್‌ಟೆಹೂಡೆ ಊರುಗಳ ನಡುವೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ತಲೆಯ ಮೇಲೆ ತಂತಿಯಿಲ್ಲದ ಮಾರ್ಗ. 2022ರಲ್ಲಿ 14 ಬಂಡಿಗಳು ಬಂದವು. ವೆಚ್ಚ ಸುಮಾರು 9.3 ಕೋಟಿ ಯೂರೋ. ಅದೇ ವರ್ಷ ಒಂದು ಬಂಡಿ ನಡುವೆ ಇಂಧನ ತುಂಬಿಸದೆ 1,175 ಕಿಲೋಮೀಟರ್ ಓಡಿತು. 2024ರಲ್ಲಿ ಅಮೆರಿಕದ ಕೊಲರಾಡೋದ ಪರೀಕ್ಷಾ ಹಳಿಯ ಮೇಲೆ ಸ್ಟಾಡ್ಲರ್ ಕಂಪನಿಯ ಬಂಡಿ 2,803 ಕಿಲೋಮೀಟರ್ ಓಡಿ ಅದನ್ನೂ ಮೀರಿಸಿತು.

ಹಿಂಡನ್‌ಬರ್ಗ್ ಆಕಾಶನೌಕೆ 1937ರಲ್ಲಿ ಉರಿದುಹೋದ ಚಿತ್ರವನ್ನು ಕಂಡವರು ಜಲಜನಕವೆಂದರೆ ಬೆಚ್ಚುತ್ತಾರೆ. ಅದು ಉರಿಯುವ ಅನಿಲವೇ ಸರಿ. ಆದರೆ ಸೋರಿದರೆ ಡೀಸೆಲಿನಂತೆ ನೆಲದ ಮೇಲೆ ಮಡುಗಟ್ಟುವುದಿಲ್ಲ. ಎಲ್ಲ ಅನಿಲಗಳಿಗಿಂತ ಹಗುರವಾದ್ದರಿಂದ ಮೇಲಕ್ಕೆ ಹಾರಿಹೋಗುತ್ತದೆ. ಸಿಲಿಂಡರುಗಳು ಚಾವಣಿಯ ಮೇಲಿದ್ದರೆ ಇದು ಅನುಕೂಲ. ನನ್ನ ಮಟ್ಟಿಗೆ, ಭಯಪಡಬೇಕಾದುದು ಬೆಂಕಿಗಿಂತ ಲೆಕ್ಕಕ್ಕೆ.

ಈಗ ಪೆನ್ಸಿಲು ಕೈಗೆತ್ತಿಕೊಳ್ಳಿ. ನೀರನ್ನು ಒಡೆದು ಒಂದು ಕಿಲೋ ಜಲಜನಕ ಪಡೆಯಲು ಸುಮಾರು 55 ಯೂನಿಟ್ ವಿದ್ಯುತ್ತು ಬೇಕು. ಆ ಒಂದು ಕಿಲೋದಲ್ಲಿರುವುದು 33 ಯೂನಿಟ್ ಶಕ್ತಿ. ಇಂಧನಕೋಶ ಅದರ ಅರ್ಧದಷ್ಟನ್ನು ವಿದ್ಯುತ್ತಾಗಿ ಮರಳಿ ಕೊಡುತ್ತದೆ ಎನ್ನೋಣ. ಅಂದರೆ 16 ಅಥವಾ 17 ಯೂನಿಟ್. ಅನಿಲವನ್ನು ಒತ್ತಿ ತುಂಬುವ, ಸಾಗಿಸುವ ಖರ್ಚನ್ನು ಇನ್ನೂ ಸೇರಿಸಿಲ್ಲ. ಅದೇ 55 ಯೂನಿಟ್ಟುಗಳನ್ನು ಬ್ಯಾಟರಿಗೆ ಹಾಕಿದರೆ ನಲವತ್ತಕ್ಕೂ ಹೆಚ್ಚು ಯೂನಿಟ್ ಮೋಟಾರಿಗೆ ಸಿಗುತ್ತವೆ. ಮೂರು ರೈಲು ಓಡಿಸುವ ವಿದ್ಯುತ್ತಿನಲ್ಲಿ ಒಂದೇ ರೈಲು ಓಡಿಸಿದಂತಾಯಿತಲ್ಲ! ಇನ್ನು ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೀರಿನಿಂದ ಬಂದದ್ದಲ್ಲ, ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬಂದದ್ದು. ಆ ಜಲಜನಕದಿಂದ ಓಡಿದ ರೈಲಿನ ಹೊಗೆ ದೂರದ ಕಾರ್ಖಾನೆಯಲ್ಲಿ ಏಳುತ್ತದೆ. ಸತುವಿನ ಕುಲುಮೆಯ ಮಾತು ನೆನಪಾಯಿತೇ?

ಲೋಯರ್ ಸ್ಯಾಕ್ಸನಿಯವರು ಈ ಲೆಕ್ಕವನ್ನು ಸ್ವಂತ ಕೈಸುಟ್ಟುಕೊಂಡು ಕಲಿತರು. 2023ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ, ಇನ್ನು ಮುಂದೆ ಡೀಸೆಲಿನ ಜಾಗಕ್ಕೆ ಬ್ಯಾಟರಿ ಬಂಡಿಗಳನ್ನೇ ತರುತ್ತೇವೆ, ಅವನ್ನು ಓಡಿಸುವ ಖರ್ಚು ಕಡಿಮೆ ಎಂದು ಪ್ರಕಟಿಸಿತು. ಮೊದಲು ಹೆಜ್ಜೆಯಿಟ್ಟವರೇ ಮೊದಲು ಹಿಂದೆ ಸರಿದರು. ಇದನ್ನು ಸೋಲೆಂದು ನಗುವವರಿದ್ದಾರೆ. ಓಡಿಸಿ ನೋಡಿ, ಲೆಕ್ಕವನ್ನು ಬಚ್ಚಿಡದೆ ಹೇಳಿದ್ದು ದೊಡ್ಡತನವೆಂದೇ ನಾನು ತಿಳಿಯುತ್ತೇನೆ.

ಬ್ಯಾಟರಿಯ ಕಡೆ ಏನಾಗಿತ್ತು? ಲಿಥಿಯಂ ಬ್ಯಾಟರಿ ಬಂದು, ಅದೇ ತೂಕದಲ್ಲಿ ಸೀಸದ್ದಕ್ಕಿಂತ ಐದಾರು ಪಟ್ಟು ಶಕ್ತಿ ಹಿಡಿಯತೊಡಗಿತ್ತು. 2014ರಲ್ಲಿ ಜಪಾನಿನ ಕರಸುಯಾಮ ಎಂಬ ಶಾಖಾ ಮಾರ್ಗದಲ್ಲಿ ಬಂದ ಬಂಡಿಯನ್ನು ನೋಡಿ. ಮುಖ್ಯ ಮಾರ್ಗದಲ್ಲಿ ತಂತಿಯಿಂದ ವಿದ್ಯುತ್ತು ಎಳೆಯುತ್ತ, ಜೊತೆಗೇ ಬ್ಯಾಟರಿ ತುಂಬಿಸಿಕೊಳ್ಳುತ್ತ ಓಡುತ್ತದೆ. ಶಾಖೆಗೆ ತಿರುಗಿದಾಗ ಕೈ ಮಡಚಿ, ತಂತಿಯಿಲ್ಲದ 20 ಕಿಲೋಮೀಟರ್ ಹೋಗುತ್ತದೆ. ಕೊನೆಯ ನಿಲ್ದಾಣದಲ್ಲಿ ಕೆಲವೇ ಮೀಟರ್ ಉದ್ದದ ತಂತಿಯಿದೆ. ಅದಕ್ಕೆ ಕೈಚಾಚಿ ಮತ್ತೆ ತುಂಬಿಸಿಕೊಂಡು ಹಿಂದಿರುಗುತ್ತದೆ. ಇಡೀ ದಾರಿಗೆ ತಂತಿ ಎಳೆಯುವ ಖರ್ಚು ಉಳಿಯಿತು. ಡಬ್ಲಿನ್ನಿನವರೂ ಹಳೆಯ ಗೆಳೆಯನನ್ನು ಮರಳಿ ಕರೆದಿದ್ದಾರೆ: ಡ್ರಮ್‌ನ ಬಂಡಿ ನಿಂತು ಎಪ್ಪತ್ತೆರಡು ವರ್ಷವಾದ ಮೇಲೆ, 2021ರಲ್ಲಿ, ನಗರದ ಸುತ್ತಲ ಮಾರ್ಗಗಳಿಗೆ ಬ್ಯಾಟರಿ ಬಂಡಿಗಳನ್ನು ಕೊಳ್ಳುವ ಒಪ್ಪಂದವಾಯಿತು.

ನಮ್ಮ ದೇಶದ ಸ್ಥಿತಿ ಬೇರೆ. ಬೊಂಬಾಯಿಯಲ್ಲಿ 1925ರಲ್ಲಿ ಮೊದಲ ವಿದ್ಯುತ್ ರೈಲು ಓಡಿತು. ನೂರು ವರ್ಷದ ಬಳಿಕ, 2025ರ ಹೊತ್ತಿಗೆ, ಬ್ರಾಡ್‌ಗೇಜ್ ಮಾರ್ಗಗಳ ಶೇಕಡ 98ಕ್ಕೂ ಹೆಚ್ಚು ಭಾಗದ ಮೇಲೆ ತಂತಿ ಬಂದಿತ್ತು. ರೈಲುಗಳು ಎಡೆಬಿಡದೆ ಓಡುವ ಮಾರ್ಗಕ್ಕೆ ತಂತಿಯನ್ನು ಮೀರಿದ ಉಪಾಯವಿಲ್ಲ. ಶಕ್ತಿಯನ್ನು ಹೊತ್ತೊಯ್ಯುವ ಭಾರವೇ ಅದಕ್ಕಿಲ್ಲ. ಹಾಗಾದರೆ ಜಲಜನಕಕ್ಕೆ ಉಳಿದ ಜಾಗ ಯಾವುದು? ರೈಲ್ವೆಯವರು ಬೆಟ್ಟದ ಪಾರಂಪರಿಕ ಮಾರ್ಗಗಳತ್ತ ಬೆರಳು ತೋರಿದ್ದಾರೆ. ಇಂಥ 35 ಬಂಡಿಗಳ ಯೋಜನೆಯನ್ನು 2023ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಬಂಡಿಯೊಂದಕ್ಕೆ ಅಂದಾಜು 80 ಕೋಟಿ ರೂಪಾಯಿ. ಪ್ರತಿ ಮಾರ್ಗದ ನೆಲದ ಮೇಲಿನ ಏರ್ಪಾಡಿಗೆ 70 ಕೋಟಿ. ಮೊದಲ ಪ್ರಯೋಗಕ್ಕೆ ಆರಿಸಿದ್ದು ಹರಿಯಾಣದ ಜಿಂದ್–ಸೋನಿಪತ್ ಮಾರ್ಗ. ಅಲ್ಲಿನ ಡೀಸೆಲ್ ಬಂಡಿಯೊಂದನ್ನು ಜಲಜನಕಕ್ಕೆ ಮಾರ್ಪಡಿಸಲು ಮತ್ತು ಇಂಧನ ತುಂಬುವ ಏರ್ಪಾಡಿಗೆ 111.83 ಕೋಟಿ ರೂಪಾಯಿಯ ಗುತ್ತಿಗೆ. 2025ರ ಜುಲೈಯಲ್ಲಿ ಚೆನ್ನೈನ ಡಬ್ಬಿ ಕಾರ್ಖಾನೆಯಲ್ಲಿ ಜಲಜನಕದ ಎಂಜಿನ್ ಡಬ್ಬಿಯ ಪರೀಕ್ಷೆ ನಡೆಯಿತು. ದಿನದಿನದ ಓಡಾಟಕ್ಕೆ ಎಷ್ಟು ಖರ್ಚು ಬಿದ್ದೀತೆಂಬುದು ನಮ್ಮಲ್ಲಿ ಇನ್ನೂ ಗೊತ್ತಾಗಿಲ್ಲ, ಮೊದಮೊದಲು ಹೆಚ್ಚೇ ಇರುತ್ತದೆ, ಬಂಡಿಗಳ ಸಂಖ್ಯೆ ಬೆಳೆದಂತೆ ಇಳಿಯಬಹುದು ಎಂದು ಸರ್ಕಾರ ಅದೇ ಉತ್ತರದಲ್ಲಿ ಹೇಳಿತ್ತು.